ಯುದ್ಧದ ಪೂರ್ತಿ ಖರ್ಚು ಮೊದಲೇ ಹೇಳಲಿ

ಪತ್ರ: "ಇರಾಕ್ ಯುದ್ಧಕ್ಕೆ ಅಮೆರಿಕ ಸುರಿದ ಹಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರ ದುಡ್ಡು, ಅವರ ಯುದ್ಧ. ಮುಂಬೈ ಕನ್ನಡಿಗರಿಗೆ ಅದೇಕೆ? ದೇಶದ ಮಾನದ ಪ್ರಶ್ನೆ ಬಂದಾಗ ಯಾರಾದರೂ ಲೆಕ್ಕ ನೋಡುತ್ತಾರಾ?"
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಲೇಖನವನ್ನು ಕೊನೆವರೆಗೆ ಓದಿ ತಕರಾರು ತೆಗೆದಿದ್ದೀರಿ, ಖುಷಿಯಾಯಿತು. ನಿಮ್ಮ ಮಾತಲ್ಲಿ ನಿಜವೂ ಇದೆ. ಶತ್ರು ಗಡಿಯೊಳಗೆ ನುಗ್ಗಿದಾಗ ಯಾರೂ ಲೆಕ್ಕದ ಪುಸ್ತಕ ತೆಗೆಯುವುದಿಲ್ಲ, ತೆಗೆಯಲೂ ಬಾರದು. ಆದರೆ ಸಾವಿರಾರು ಮೈಲಿ ದೂರಕ್ಕೆ ಸೈನ್ಯ ಕಳಿಸುವ ಮುಂಚೆ ಲೆಕ್ಕ ಕೇಳಲೇಬೇಕು.

ಮುಂಬೈಗೇನು ಸಂಬಂಧ ಅಂದಿರಲ್ಲ, ಅದಕ್ಕೆ ಮಾತ್ರ ನಿಮ್ಮನ್ನು ಸ್ವಲ್ಪ ಗದರಬೇಕು. 1867ರಲ್ಲಿ ಬ್ರಿಟಿಷರು ಅಬಿಸೀನಿಯಾದ, ಅಂದರೆ ಇಂದಿನ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ಹಡಗುಗಳು ಹೊರಟಿದ್ದು ಇದೇ ಬಂದರಿನಿಂದ. ಪಾರ್ಲಿಮೆಂಟಿನಲ್ಲಿ ಮೊದಲು ಕೇಳಿದ್ದು 20 ಲಕ್ಷ ಪೌಂಡ್. ಕೊನೆಗೆ ಆಗಿದ್ದು 90 ಲಕ್ಷದ ಹತ್ತಿರ. ಅಲ್ಲಿಗೆ ಹೋದ ಭಾರತೀಯ ಸಿಪಾಯಿಗಳ ಮಾಮೂಲಿ ಸಂಬಳ ನಮ್ಮ ಖಜಾನೆಯಿಂದಲೇ ಹೋಯಿತು. ಅದು ಇಲ್ಲಿನ ರೈತ ಕಟ್ಟಿದ ಕಂದಾಯ. ಅವನನ್ನು ಯಾರು ಕೇಳಿದ್ದರು?

ಕೇಳಿದವರು ಆಮೇಲೆ ಬಂದರು. 1897ರಲ್ಲಿ ಪುಣೆಯ ಗೋಪಾಲಕೃಷ್ಣ ಗೋಖಲೆ ಲಂಡನ್ನಿಗೆ ಹೋಗಿ, ಭಾರತದ ಖರ್ಚುವೆಚ್ಚ ಪರಿಶೀಲಿಸಲು ಬ್ರಿಟಿಷರು ನೇಮಿಸಿದ್ದ ವೆಲ್ಬಿ ಆಯೋಗದ ಮುಂದೆ ಭಾರತದ ಸೇನಾ ಖರ್ಚಿನ ಭಾರವನ್ನು ಅಂಕಿ ಸಮೇತ ಬಿಡಿಸಿಟ್ಟರು. ಆಗ ಅವರಿಗೆ ಮೂವತ್ತರ ಆಸುಪಾಸು. ನಮ್ಮ ಮುಂಬೈಯ ದಾದಾಭಾಯಿ ನವರೋಜಿ ಆ ಆಯೋಗದ ಸದಸ್ಯರು. ಇವರಿಬ್ಬರಿಗೆ ದೇಶದ ಮಾನದ ಕಾಳಜಿ ಇರಲಿಲ್ಲವೇ?

ಈಗ ಇರಾಕ್. 2002ರಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ, 10,000ದಿಂದ 20,000 ಕೋಟಿ ಡಾಲರ್ ಬೇಕಾದೀತು ಅಂದರು. ವರ್ಷ ಮುಗಿಯುವುದರೊಳಗೆ ಅವರ ಕುರ್ಚಿ ಹೋಯಿತು. ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್ ಹೇಳಿದ್ದು 5,000 ಕೋಟಿಗಿಂತ ಕಡಿಮೆ. ನೇರ ಖರ್ಚೇ 80,000 ಕೋಟಿ ಡಾಲರ್ ದಾಟಿತು! ಇದಕ್ಕೆಂದು ತೆರಿಗೆ ಏರಿಸಿದರಾ? ಇಲ್ಲ, 2003ರಲ್ಲಿ ಇಳಿಸಿದರು. ಸಾಲ ಮಾಡಿದರು. ತೆರಿಗೆ ಏರಿದ್ದರೆ ಜನ ಮೊದಲ ವರ್ಷವೇ ಪ್ರಶ್ನೆ ಕೇಳುತ್ತಿದ್ದರು, ಅಲ್ವಾ?

ಗಾಯಗೊಂಡವರ ಲೆಕ್ಕ ಇನ್ನೂ ಉದ್ದ. ಮೊದಲನೇ ಮಹಾಯುದ್ಧ ಮುಗಿದಿದ್ದು 1918ರಲ್ಲಿ. ಅದರ ಸೈನಿಕರಿಗೆ ಅಮೆರಿಕ ಕೊಡುತ್ತಿದ್ದ ಅಂಗವೈಕಲ್ಯ ಪರಿಹಾರ ಅತಿ ಜಾಸ್ತಿ ಆಗಿದ್ದು 1969ರಲ್ಲಿ. ಮತ ಹಾಕಿದ ತಾತ ಹೋಗಿ, ಮೊಮ್ಮಗ ಕಟ್ಟಿದ. ಬಡ್ಡಿ, ಪಿಂಚಣಿ ಎರಡನ್ನೂ ಸೇರಿಸಿ ಮೊದಲೇ ಹೇಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಒಂದು ಕನ್ನಡ ಶಾಲೆಯ ಸೋರುವ ಮಾಡಿನ ರಿಪೇರಿಗೆ ಅರ್ಜಿ ಹಾಕಿ ನೋಡಿ. ಮೂರು ಕೊಟೇಶನ್ ತನ್ನಿ ಅನ್ನುತ್ತಾರೆ. ತರಲಿ, ತಪ್ಪಿಲ್ಲ. ಕ್ಷಿಪಣಿಗೂ ಅದೇ ನಿಯಮ ಯಾಕಿಲ್ಲ? ಟಿವಿಯವರು ಅದು ಹಾರುವುದನ್ನು ದಿನವಿಡೀ ತೋರಿಸುತ್ತಾರೆ, ಬೆಲೆ ಮಾತ್ರ ಹೇಳುವುದಿಲ್ಲ.

ಅಮೆರಿಕವನ್ನೇ ಸುಮ್ನೆ ಬೈಯುತ್ತೇವೆ ಎಂದುಕೊಳ್ಳಬೇಡಿ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ನಮ್ಮ ಶಾಂತಿಪಾಲನಾ ಪಡೆಯ ಸಾವಿರಕ್ಕೂ ಹೆಚ್ಚು ಯೋಧರು ಜೀವ ಕೊಟ್ಟರು. ಮುಂದಿನ ಸಂಚಿಕೆಯ ಲೇಖನ ಅದರ ಮೇಲೆಯೇ. ಓದಿ ಬರೆಯಿರಿ.

— ಸಂ.