ಡೀಸೆಲ್ ಪಿಕಪ್‌ಗೆ ಸ್ನೋಪ್ಲೋ (ಹಿಮ ತಳ್ಳೋ ಬ್ಲೇಡ್) ಹಾಕಿದ್ರೆ ಮುಂದಿನ ಆಕ್ಸಲ್ ತಡ್ಕೊಳ್ಳತ್ತಾ?

ಪ್ರಶ್ನೆ: ಅಮೆರಿಕದ ಮಿನ್ನೆಸೋಟದಲ್ಲಿದೀನಿ. ನನ್ನದು ಮುಕ್ಕಾಲು ಟನ್ ವರ್ಗದ, ನಾಲ್ಕು ಬಾಗಿಲಿನ (ಕ್ರೂ ಕ್ಯಾಬ್) ಡೀಸೆಲ್ ಟ್ರಕ್ಕು. 800 ಪೌಂಡಿನ ಪ್ಲೋ ಹಾಕಿಸ್ಬೇಕು ಅಂತಿದೀನಿ. ಮುಂದಿನ ಆಕ್ಸಲ್‌ಗೆ ಇನ್ನೂ 1000 ಪೌಂಡ್ ತಾಕತ್ತು ಉಳಿದಿದೆ, ಸಾಕಲ್ವಾ?

ಉತ್ತರ: ಸಾಲಲ್ಲ ಸರ್. ಪ್ಲೋ ಆಕ್ಸಲ್ ಮೇಲೆ ಕೂರಲ್ಲ, ಅದಕ್ಕಿಂತ ಸುಮಾರು 4 ಅಡಿ ಮುಂದೆ ನೇತಾಡ್ತಿರತ್ತೆ. ತುಂಬಿದ ಕೊಡಾನ ಸೊಂಟದ ಮೇಲಿಟ್ಕೊಳ್ಳೋದಕ್ಕೂ ಕೈ ಚಾಚಿ ಹಿಡಿಯೋದಕ್ಕೂ ಇರೋ ವ್ಯತ್ಯಾಸನೇ ಇಲ್ಲೂ. ನಿಮ್ಮ ವೀಲ್‌ಬೇಸ್, ಅಂದ್ರೆ ಎರಡು ಆಕ್ಸಲ್‌ಗಳ ನಡುವಿನ ದೂರ, 13 ಅಡಿ ಅಂದ್ಕೊಳ್ಳಿ, ಹಿಂದಿನ ಆಕ್ಸಲ್‌ನಿಂದ ಪ್ಲೋ 13 ಕೂಡಿಸು 4, ಅಂದ್ರೆ 17 ಅಡಿ ದೂರ, ಆಗ 800ನ್ನ 17ರಿಂದ ಗುಣಿಸಿ 13ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 1046 ಬರತ್ತೆ, ಪ್ಲೋ ಎತ್ತಿ ರೋಡಲ್ಲಿ ಹೋಗುವಾಗ ಮುಂದಿನ ಆಕ್ಸಲ್ ಮೇಲೆ ಬೀಳೋ ಭಾರ ಅಷ್ಟು, ಹಿಂದಿನ ಆಕ್ಸಲ್‌ನಿಂದ ಸುಮಾರು 246 ಪೌಂಡ್ ಎದ್ದೇ ಹೋಗತ್ತೆ, ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಜಾರೋದಕ್ಕೆ ಇದೂ ಒಂದು ಕಾರಣ.

ಹಿಂದೆ ಬ್ಯಾಲಸ್ಟ್ (ಸರಿತೂಗಿಸೋಕೆ ಇಡೋ ಭಾರ) ಹಾಕಿದ್ರೆ ಇದು ಸರಿಹೋಗತ್ತೆ, ಆದ್ರೆ ಎಲ್ಲಿ ಇಡ್ತೀರಿ ಅನ್ನೋದು ಮುಖ್ಯ. ಮರಳು ಚೀಲಗಳನ್ನ ಕ್ಯಾಬಿಗೆ ಒರಗಿಸಿಟ್ರೆ ಅದು ಹಿಂದಿನ ಆಕ್ಸಲ್‌ಗಿಂತ ಮುಂದೆ ಬಂದು ಮುಂದಿನ ಆಕ್ಸಲ್ ಭಾರಾನೇ ಜಾಸ್ತಿ ಮಾಡತ್ತೆ. ಟೇಲ್‌ಗೇಟ್ ಹತ್ರ, ಆಕ್ಸಲ್‌ನಿಂದ 3 ಅಡಿ ಹಿಂದೆ 500 ಪೌಂಡ್ ಕಟ್ಟಿಟ್ರೆ ಮುಂದೆ ಸುಮಾರು 115 ಪೌಂಡ್ ಕಡಿಮೆ ಆಗತ್ತೆ, ಅಂದ್ರೆ ನಿಮ್ಮ 1046 ಹೋಗಿ 931 ಆಗತ್ತೆ, ಲಿಮಿಟ್ ಒಳಗೆ ಬರತ್ತೆ ಆದ್ರೆ ಬಿಗಿ. ಬ್ಯಾಲಸ್ಟ್ ಸೇರಿಸಿ ಗಾಡಿಯ ಒಟ್ಟು ತೂಕದ ಮಿತಿ ದಾಟಬಾರದು ಅನ್ನೋದನ್ನೂ ನೋಡ್ಕೊಳ್ಳಿ.

ಈಗ ನಂಗೆ ಚಿಂತೆ ಆಗ್ತಿರೋದು ನಿಮ್ಮ ಆ 1000 ಎಲ್ಲಿಂದ ಬಂತು ಅಂತ. ಬ್ರೋಷರ್ ನೋಡಿ ಲೆಕ್ಕ ಹಾಕಿದ್ರೆ ದಯವಿಟ್ಟು ಬಿಟ್ಟುಬಿಡಿ, ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ನೂರಾರು ಪೌಂಡ್ ಜಾಸ್ತಿ ತೂಗತ್ತೆ, ಅದೆಲ್ಲಾ ಮುಂದೆನೇ ಕೂತಿರತ್ತೆ. ಡ್ರೈವರ್ ಬಾಗಿಲ ಚೌಕಟ್ಟಿನ ಲೇಬಲ್‌ನಲ್ಲಿ ಮುಂದಿನ ಆಕ್ಸಲ್ ರೇಟಿಂಗ್, ಅಂದ್ರೆ ಅದು ಹೊರಬಹುದಾದ ಗರಿಷ್ಠ ತೂಕ, ಇರತ್ತೆ, ಟ್ಯಾಂಕ್ ಫುಲ್ ಮಾಡಿ, ಕೆಲಸಕ್ಕೆ ಬರೋ ಜನಾನ ಕೂರಿಸ್ಕೊಂಡು ಟ್ರಕ್ ಸ್ಟಾಪಿನ ತೂಕದ ಸ್ಕೇಲ್ ಮೇಲೆ ನಿಲ್ಲಿಸಿ, ಅಲ್ಲಿ ಒಂದೊಂದು ಆಕ್ಸಲ್ ತೂಕನೂ ಬೇರೆ ಬೇರೆ ಸಿಗತ್ತೆ. ರೇಟಿಂಗ್‌ನಿಂದ ಮುಂದಿನ ಆಕ್ಸಲ್ ತೂಕ ಕಳೆದ್ರೆ ಉಳಿಯೋದೇ ನಿಮ್ಮ ನಿಜವಾದ ತಾಕತ್ತು.

ಗಟ್ಟಿ ಸ್ಪ್ರಿಂಗ್, ಸ್ಪ್ರಿಂಗ್‌ಗೆ ಆಸರೆ ಕೊಡೋ ರಬ್ಬರ್ ಹೆಲ್ಪರ್ ಹಾಕಿಸಿದ್ರೆ ಮೂತಿ ಕೆಳಗೆ ಬಾಗಲ್ಲ ಅಷ್ಟೇ, ರೇಟಿಂಗ್ ಒಂದು ಪೌಂಡೂ ಏರಲ್ಲ, ಯಾಕಂದ್ರೆ ಅದು ಆಕ್ಸಲ್, ಸ್ಪ್ರಿಂಗ್, ಚಕ್ರ, ಟೈರ್ ಇವುಗಳಲ್ಲಿ ಯಾವುದು ಬಲಹೀನವೋ ಅದಕ್ಕೆ ತಕ್ಕಂತೆ ಕಂಪನಿ ಕೊಟ್ಟಿರೋ ನಂಬರು. ಫ್ಯಾಕ್ಟರಿಯಿಂದ್ಲೇ ಸ್ನೋಪ್ಲೋ ಪ್ರೆಪ್ ಪ್ಯಾಕೇಜ್ (ಪ್ಲೋ ಹಾಕೋಕೆ ಗಾಡಿನ ಸಜ್ಜು ಮಾಡಿರೋ ಆಯ್ಕೆ) ಬಂದಿದ್ಯಾ ಅಂತ ಡೀಲರ್ ಹತ್ರ ಗಾಡಿಯ ಗುರುತಿನ ಸಂಖ್ಯೆ (ವಿನ್) ಕೊಟ್ಟು ಕೇಳಿ. ಅದು ಇಲ್ಲಾಂದ್ರೆ, ಅಥವಾ ತೂಕ ಬಿಗಿ ಬಂದ್ರೆ, ನನ್ನ ಮಾತು ಕೇಳಿ ಇನ್ನೂ ಹಗುರವಾದ ಸ್ಟ್ರೇಟ್ ಬ್ಲೇಡ್ (ನೇರ ಅಲಗಿನ ಪ್ಲೋ) ತಗೊಳ್ಳಿ.