ಮಾವನವರು ನಟಿಸುತ್ತಿಲ್ಲ

“ಮಾವನವರಿಗೆ 74 ವರ್ಷ. ನಾನು, ಮಗಳು ಎಷ್ಟು ಕೂಗಿದರೂ ‘ಏನಂದ್ರಿ?’ ಅಂತಾರೆ. ಜಗಲಿಯಲ್ಲಿ ಗೆಳೆಯರ ಜೊತೆ ಮಾತ್ರ ಗಂಟೆಗಟ್ಟಲೆ ಹರಟುತ್ತಾರೆ. ಆನ್‌ಲೈನಿನಲ್ಲಿ ಕಿವಿ ಮಿಷನ್ ತರಿಸಿಕೊಟ್ಟರೆ ಎರಡು ದಿನ ಹಾಕಿ ಬೀರುವಿನಲ್ಲಿಟ್ಟರು. ಬೇಕಾದದ್ದಷ್ಟೇ ಕೇಳಿಸುತ್ತದೆಯೆ?”
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ನೀವು ಬರೆದದ್ದೆಲ್ಲ ವಯಸ್ಸಿನ ಕಿವುಡಿನ ಲಕ್ಷಣವೇ. ದಯವಿಟ್ಟು ಅವರ ಮೇಲೆ ಅನುಮಾನ ಪಡಬೇಡಿ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯೊಂದಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಸುರುಳಿಯ ಬುಡದಲ್ಲಿದ್ದು ಕೀಚಲು ಸದ್ದನ್ನು ಹಿಡಿಯುವ ಕೋಶಗಳೇ ಮೊದಲು ಹೋಗುವುದು. ಸ, ಶ, ತ, ಚ ಇವೆಲ್ಲ ಆ ಕೀಚಲು ಸದ್ದಿನ ಬಲದಿಂದಲೇ ಗುರುತು ಸಿಗುವ ಅಕ್ಷರಗಳು; ಸ್ವರಗಳ ಬಲ ತಗ್ಗಿನ ಸದ್ದಿನಲ್ಲಿದೆ. ನೀವು ‘ಸರಿ’ ಅಂದರೂ ‘ತರಿ’ ಅಂದರೂ ಅವರಿಗೆ ‘ಅರಿ’ಯಷ್ಟೇ ಮುಟ್ಟೀತು. “ಕೇಳಿಸುತ್ತೆ, ಆದ್ರೆ ಏನಂದ್ರು ಅಂತ ತಿಳಿಯಲ್ಲ” ಎಂದು ಹಿರಿಯರು ಹೇಳುವುದು ಇದನ್ನೇ. ಹೆಂಗಸರ, ಮಕ್ಕಳ ದನಿ ತೆಳು. ಅದೂ ಕುಕ್ಕರ್ ಕೂಗುತ್ತಿರುವಾಗ ಅಡುಗೆಮನೆಯೊಳಗಿಂದ ಬಂದರೆ ಮುಗಿಯಿತು. ಜಗಲಿಯಲ್ಲಿ ಗೆಳೆಯರು ಎದುರಿಗೇ ಕೂತಿರುತ್ತಾರೆ, ತುಟಿ ಕಾಣುತ್ತದೆ, ಮಾತಿನ ಎಳೆಯೂ ಮೊದಲೇ ಗೊತ್ತಿರುತ್ತದೆ.

ಕೂಗುವುದನ್ನು ಬಿಡಿ. ಇಂಥ ಕಿವಿಗೆ ಮೆಲುದನಿ ಮುಟ್ಟುವುದಿಲ್ಲ, ಸ್ವಲ್ಪ ಜೋರಾದರೆ ಕರ್ಕಶವಾಗುತ್ತದೆ. “ಕಿರುಚಬೇಡ” ಎಂದು ಅವರು ಸಿಡುಕಿದ್ದರೆ ಕಾರಣ ಅದೇ. ಹತ್ತಿರ ಹೋಗಿ, ಮುಖ ಕಾಣುವಂತೆ ನಿಂತು, ಟಿವಿ ಆರಿಸಿ, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿ.

ಇನ್ನು ಮಿಷನ್ನಿನ ವಿಚಾರ. ಪರೀಕ್ಷೆ ಮಾಡಿಸದೆ ಕೊಳ್ಳುವ ಅಗ್ಗದವುಗಳಲ್ಲಿ ಹೆಚ್ಚಿನವು ಫ್ಯಾನಿನ ಸದ್ದು, ತಟ್ಟೆಲೋಟದ ಸದ್ದು, ಮಾತು ಎಲ್ಲವನ್ನೂ ಒಟ್ಟಿಗೇ ಏರಿಸುತ್ತವೆ. ಬೀರುವಿಗೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಗುಗ್ಗೆ ಕಟ್ಟಿಕೊಂಡಿದ್ದರೂ ಕಿವಿ ಮಂದವಾಗುತ್ತದೆ. ಆಮೇಲೆ ಆಡಿಯೋಗ್ರಾಂ ಮಾಡಿಸಿ. ಯಾವ ಸದ್ದು ಎಷ್ಟು ಕುಗ್ಗಿದೆಯೆಂದು ಅದು ತೋರಿಸುತ್ತದೆ, ಅದಕ್ಕೆ ತಕ್ಕಂತೆ ಮಿಷನ್ ಹೊಂದಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದೇ ಇಂಥ ಕೆಲಸಕ್ಕೆ. ದೂರವೆನಿಸಿದರೆ ನಿಮ್ಮೂರಿನ ದೊಡ್ಡ ಆಸ್ಪತ್ರೆಗಳಲ್ಲೇ ವಿಚಾರಿಸಿ. ಸರಿಯಾದ ಮಿಷನ್ನಿಗೂ ಮಿದುಳು ಒಗ್ಗಲು ವಾರಗಳೇ ಬೇಕು. ಮೊದಮೊದಲು ಸದ್ದಿಲ್ಲದ ಕೋಣೆಯಲ್ಲಿ, ದಿನಕ್ಕೆ ಸ್ವಲ್ಪ ಹೊತ್ತು ಹಾಕಿಕೊಳ್ಳಲಿ. ಆ ಹೊತ್ತಿಗೆ ಮೊಮ್ಮಗಳು ಪಕ್ಕದಲ್ಲಿ ಕೂತು ಮಾತಾಡಲಿ.

ವಯಸ್ಸಾಯಿತಲ್ಲ, ಬಿಡಿ ಎಂದು ಯಾರಾದರೂ ಅಂದರೆ ಕೇಳಬೇಡಿ. ಡಿಮೆನ್ಷಿಯಾಕ್ಕೆ, ಅಂದರೆ ನೆನಪು, ಯೋಚನೆ ಕುಂದುವ ಕಾಯಿಲೆಗೆ ದಾರಿಮಾಡುವ, ಆದರೆ ತಗ್ಗಿಸಬಹುದಾದ 14 ಅಂಶಗಳನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಗುರುತಿಸಿದೆ. ಕಿವಿ ಮಂದವಾಗುವುದೂ ಅವುಗಳಲ್ಲಿ ಒಂದು.

ಒಂದು ವಿಷಯ ನೆನಪಿರಲಿ. ವಯಸ್ಸಿನ ಕಿವುಡು ವರ್ಷಗಟ್ಟಲೆ ನಿಧಾನವಾಗಿ, ಎರಡೂ ಕಿವಿಗೆ ಬರುವಂಥದ್ದು. ಒಂದೇ ಕಿವಿ ದಿನ ಬೆಳಗಾಗುವುದರಲ್ಲಿ ಮಂದವಾದರೆ ಅದು ಬೇರೆಯೇ ತೊಂದರೆ. ಎಣ್ಣೆ ಬಿಟ್ಟು ನೋಡುತ್ತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.