ಹತ್ತಿ ನೂಲು, ಕ್ರೋಶಾ ಕಡ್ಡಿ, ಒಂದು ಜೊತೆ ಓಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರೋಶಾ ಒಡವೆಯ ಬಗ್ಗೆಯೇ ಇವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ ಕ್ರೋಶಾ ಚೆನ್ನಾಗಿ ಬರುತ್ತೆ. ಟೊಪ್ಪಿ, ಮೇಜಿನ ಹೊದಿಕೆ ಎಲ್ಲ ಹಾಕಿದ್ದೇನೆ. ಅದೇ ಹತ್ತಿ ನೂಲಲ್ಲಿ ಓಲೆ ಹಾಕಿದರೆ ದಪ್ಪಗೆ, ಜೋತು ಬಿದ್ದ ಹಾಗೆ ಕಾಣುತ್ತೆ. ಒಡವೆಗೆ ಬೇರೆ ನೂಲೇ ಬೇಕಾ?

ಉತ್ತರ: ಹೌದು, ಬೇರೆಯೇ ಬೇಕು. ಟೊಪ್ಪಿಯ ನೂಲು ಮೆತ್ತಗಿರಬೇಕು, ಒಡವೆಯ ನೂಲಿಗೆ ಹುರಿ ಬಿಗಿಯಾಗಿರಬೇಕು. ಅಂಗಡಿಯಲ್ಲಿ ಮರ್ಸರೈಸ್ಡ್ ಕ್ರೋಶಾ ನೂಲು ಅಂತ ಕೇಳಿ. ಹತ್ತಿ ನೂಲನ್ನು ಕಾಸ್ಟಿಕ್ ಸೋಡಾದ ನೀರಲ್ಲಿ ಅದ್ದಿ ಗಟ್ಟಿ ಮಾಡುವ ವಿಧಾನ ಅದು. 1844ರಲ್ಲಿ ಜಾನ್ ಮರ್ಸರ್ ಇದನ್ನು ಕಂಡುಕೊಂಡಾಗ ನೂಲು ಗಟ್ಟಿಯೇನೋ ಆಯ್ತು, ಆದರೆ ಕುಗ್ಗುತ್ತಿತ್ತು. 1890ರಲ್ಲಿ ಹೊರೇಸ್ ಲೋ ಅನ್ನುವವರು, ಅದ್ದುವಾಗಲೇ ನೂಲನ್ನು ಎಳೆದು ಹಿಡಿದರೆ ಕುಗ್ಗುವುದಿಲ್ಲ, ಮೇಲಾಗಿ ಹೊಳಪೂ ಬರುತ್ತೆ ಅಂತ ತೋರಿಸಿದರು. ನಮಗೆ ಬೇಕಾದದ್ದು ಆ ಹೊಳಪು. ಈ ನೂಲಿನ ಮೇಲೆ ನಾರು ಜಾಸ್ತಿ ಏಳುವುದಿಲ್ಲ, ಹಾಗಾಗಿ ಒಂದೊಂದು ಹೊಲಿಗೆಯೂ ಬಿಡಿಬಿಡಿಯಾಗಿ ಕಾಣುತ್ತೆ.

ಉಂಡೆಯ ಮೇಲಿನ ನಂಬರ್ ನೋಡಿ. 10, 20, 40, 80 ಅಂತ ಇರುತ್ತೆ. ನಂಬರ್ ಜಾಸ್ತಿ ಆದಷ್ಟೂ ನೂಲು ಸಣ್ಣ. ಮೊದಲ ಸಲ ಒಡವೆ ಮಾಡುವವರಿಗೆ 10ನೇ ನಂಬರ್ ಸಾಕು, ಅದಕ್ಕೆ 1.25 ಮಿ.ಮೀ. ಸ್ಟೀಲ್ ಕಡ್ಡಿ. 20ಕ್ಕೆ 1 ಮಿ.ಮೀ. ಹಿಡಿಯಿರಿ. 80ನೇ ನಂಬರಿನ ನೂಲು ನೋಡಲು ಬಲು ಚಂದ, ಆದರೆ 0.6 ಮಿ.ಮೀ. ಕಡ್ಡಿ, ಒಳ್ಳೆ ಬೆಳಕು, ತಾಳ್ಮೆ ಮೂರೂ ಬೇಕು. ಲೇಬಲ್‌ನಲ್ಲಿ ಹೇಳಿರುವ ಕಡ್ಡಿ ಸಾಮಾನ್ಯವಾಗಿ ಲೇಸಿನ ಲೆಕ್ಕದ್ದು. ಒಡವೆಗೆ ಅದಕ್ಕಿಂತ ಒಂದು ಸೈಜ್ ಚಿಕ್ಕದು ಹಿಡಿದು ನೋಡಿ, ಜೋತು ಬೀಳುವುದು ಅಲ್ಲಿಗೇ ಅರ್ಧ ಕಡಿಮೆಯಾಗುತ್ತೆ. ಹಾಕಿದ ತುಂಡನ್ನು ಬೆಳಕಿಗೆ ಹಿಡಿಯಿರಿ. ನೀವು ಬೇಕಂತಲೇ ಬಿಟ್ಟ ತೂತು ಮಾತ್ರ ಕಾಣಬೇಕು, ಹೊಲಿಗೆಗಳ ಸಂದಿಯಿಂದ ಬೆಳಕು ಇಣುಕಬಾರದು.

ಕಸೂತಿಗೆ ಬಳಸುವ ಆರೆಳೆ ದಾರ ಬೇಡ. ಅದರ ಬಣ್ಣಗಳಿಗೆ ಮನಸೋಲದವರು ಯಾರಿದ್ದಾರೆ, ಆದರೂ ಎಳೆಗಳು ಬೇರೆ ಬೇರೆ ಆಗಿ ಕಡ್ಡಿಯ ತುದಿಗೆ ಸಿಕ್ಕಿಕೊಳ್ಳುತ್ತವೆ. ಆ ಬಣ್ಣವೇ ಬೇಕು ಅಂದರೆ ಹುರಿ ಹಾಕಿದ ಪರ್ಲ್ ಕಾಟನ್ 8ನೇ ನಂಬರ್ ತಗೊಳ್ಳಿ.

ಪ್ರಶ್ನೆ: ಒಂದು ಓಲೆ ಚೆನ್ನಾಗಿ ಬರುತ್ತೆ, ಎರಡನೆಯದು ಯಾವಾಗಲೂ ಸ್ವಲ್ಪ ದೊಡ್ಡದೋ ಚಿಕ್ಕದೋ ಆಗುತ್ತೆ. ಕೆಲವು ಸಲ ಬಿಲ್ಲೆ ಬಟ್ಟಲಿನ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತೆ. ವಿಡಿಯೋದಲ್ಲಿ ತೋರಿಸಿದ ಹಾಗೇ ಹಾಕುತ್ತೇನೆ. ತಪ್ಪೆಲ್ಲಿ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲು ಬಿಲ್ಲೆಯದು ಹೇಳ್ತೇನೆ, ಅದು ಬರೀ ಲೆಕ್ಕ. ಕಡ್ಡಿಗೆ ನೂಲು ಸುತ್ತಿಕೊಳ್ಳದೆ ಹಾಕುವ ಗಿಡ್ಡ ಹೊಲಿಗೆಯಾದರೆ ನಡುವಿನ ಉಂಗುರದಲ್ಲಿ 6 ಹೊಲಿಗೆ, ಆಮೇಲೆ ಪ್ರತಿ ಸುತ್ತಿಗೂ 6 ಹೆಚ್ಚಿಸುತ್ತಾ ಹೋಗಬೇಕು. ಅಂದರೆ 6, 12, 18, 24. ಒಂದು ಸಲ ನೂಲು ಸುತ್ತಿಕೊಂಡು ಹಾಕುವ ಉದ್ದ ಹೊಲಿಗೆಯಾದರೆ 12ರಿಂದ ಶುರು, ಪ್ರತಿ ಸುತ್ತಿಗೂ 12. ಇಷ್ಟು ಹೆಚ್ಚಿಸದಿದ್ದರೆ ಅಂಚು ಬಿಗಿದು ಬಟ್ಟಲಾಗುತ್ತೆ, ಜಾಸ್ತಿ ಹೆಚ್ಚಿಸಿದರೆ ನಿರಿಗೆ ಬೀಳುತ್ತೆ. ಜುಮ್ಕಿ ಮಾಡುವಾಗ ಇದನ್ನೇ ಬಳಸಿಕೊಳ್ಳಬಹುದು. ಮೂರು ಸುತ್ತು ಹೆಚ್ಚಿಸಿ, ಮುಂದಿನ ಸುತ್ತುಗಳಲ್ಲಿ ಹೆಚ್ಚಿಸದೆ ಹಾಕಿದರೆ ತಾನಾಗಿಯೇ ಬಟ್ಟಲು ಬರುತ್ತೆ.

ವಿಡಿಯೋ ನೋಡುವವರು ಇನ್ನೊಂದನ್ನು ಗಮನಿಸಬೇಕು. ಮೇಲೆ ಹೇಳಿದ ಗಿಡ್ಡ ಹೊಲಿಗೆಯನ್ನು ಅಮೆರಿಕದವರು ಸಿಂಗಲ್ ಕ್ರೋಶೆ ಅಂದರೆ ಬ್ರಿಟನ್ನಿನವರು ಡಬಲ್ ಕ್ರೋಶೆ ಅನ್ನುತ್ತಾರೆ. ಉದ್ದ ಹೊಲಿಗೆ ಅಮೆರಿಕದವರಿಗೆ ಡಬಲ್, ಬ್ರಿಟನ್ನಿನವರಿಗೆ ಟ್ರೆಬಲ್. ಪ್ಯಾಟರ್ನ್ ಎಲ್ಲಿಯದು ಅಂತ ಮೊದಲೇ ನೋಡಿಕೊಳ್ಳದಿದ್ದರೆ ಲೆಕ್ಕ ಸರಿಯಿದ್ದೂ ಬಿಲ್ಲೆ ಕೆಡುತ್ತೆ. ಚಿಹ್ನೆಗಳಲ್ಲಿ ಬರೆದ ಚಾರ್ಟ್ ಓದಲು ಕಲಿತರೆ ಈ ಗೊಂದಲವೇ ಇಲ್ಲ.

ಇನ್ನು ಜೊತೆ ಸರಿಹೋಗದ ವಿಚಾರ. ಇವತ್ತು ಒಂದು ಓಲೆ, ನಾಲ್ಕು ದಿನ ಬಿಟ್ಟು ಇನ್ನೊಂದು ಅಂತ ಹಾಕಿದರೆ ಕೈಯ ಬಿಗಿ ಬದಲಾಗಿರುತ್ತೆ. ಎರಡನ್ನೂ ಒಟ್ಟಿಗೇ ಹಾಕಿ. ಒಂದರ ಮೊದಲ ಸುತ್ತು ಮುಗಿಸಿ, ಕಡ್ಡಿಯ ಮೇಲಿರುವ ಕುಣಿಕೆಗೆ ಚಿಕ್ಕ ಸೇಫ್ಟಿ ಪಿನ್ ಹಾಕಿ ಪಕ್ಕಕ್ಕಿಡಿ. ಅದೇ ಕಡ್ಡಿಯಲ್ಲಿ ಎರಡನೆಯದರ ಮೊದಲ ಸುತ್ತು ಹಾಕಿ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಆಮೇಲೆ ಎರಡನೇ ಸುತ್ತು. ಹೀಗೆ ಮಾಡಿದರೆ ವ್ಯತ್ಯಾಸ ಬಂದರೂ ಒಂದೇ ಸುತ್ತು ಬಿಚ್ಚಿದರೆ ಸಾಕು. ನೂಲಿಗೆ ಎರಡು ಉಂಡೆ ಬೇಡ, ಒಂದೇ ಉಂಡೆಯ ಹೊರತುದಿ ಒಂದಕ್ಕೆ, ಒಳತುದಿ ಇನ್ನೊಂದಕ್ಕೆ. ಬಣ್ಣದಲ್ಲೂ ಒಂದಿಷ್ಟೂ ಫರಕು ಬರುವುದಿಲ್ಲ.

ಪ್ರಶ್ನೆ: ಓಲೆ ಗಟ್ಟಿಯಾಗಿ ನಿಲ್ಲಲು ಸಕ್ಕರೆ ನೀರು ಹಾಕಿ ಅಂತ ಒಬ್ಬರು, ಗಂಜಿ ಅಂತ ಇನ್ನೊಬ್ಬರು, ಫೆವಿಕಾಲ್ ಅಂತ ಮತ್ತೊಬ್ಬರು. ಯಾವುದು ಒಳ್ಳೆಯದು?

ಉತ್ತರ: ಸಕ್ಕರೆ ಪಾಕ ಬೇಡ. ಗಟ್ಟಿಯೇನೋ ಆಗುತ್ತೆ, ಆದರೆ ತೇವದ ಗಾಳಿಗೆ, ಬೆವರಿಗೆ ಅಂಟಂಟಾಗುತ್ತೆ, ಇರುವೆಯೂ ಬರುತ್ತೆ. ಚರ್ಮಕ್ಕೆ ತಾಗುವ ವಸ್ತುವಿಗೆ ಅದು ಸಲ್ಲದು. ಗಂಜಿ ತೊಳೆದರೆ ಹೋಗುತ್ತೆ, ಮತ್ತೆ ಹಾಕಬಹುದು. ಅಷ್ಟು ಬಿರುಸು ಬೇಡದ ಹೂವಿನ ಎಸಳಿಗೆ ನನಗೆ ಅದೇ ಇಷ್ಟ. ಆಕಾರ ತುಂಬ ದಿನ ನಿಲ್ಲಬೇಕು ಅಂದರೆ ಫೆವಿಕಾಲ್‌ನಂಥ ಬಿಳಿ ಅಂಟು ಮತ್ತು ನೀರು ಸಮಸಮ ಬೆರೆಸಿ. ಒಣಗಿದ ಮೇಲೆ ಅದು ಪಾರದರ್ಶಕ ಆಗುತ್ತೆ.

ಆದರೆ ಯಾವ ದ್ರಾವಣ ಅನ್ನುವುದಕ್ಕಿಂತ ಪಿನ್ ಚುಚ್ಚುವ ಕೆಲಸ ಮುಖ್ಯ. ಥರ್ಮಕೋಲ್ ಹಲಗೆಯ ಮೇಲೆ ಓಲೆಯ ಅಳತೆಯ ವೃತ್ತವನ್ನು ಕಾಗದದಲ್ಲಿ ಬರೆದು ಅಂಟಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ. ನೆನೆದ ತುಂಡನ್ನು ಹಿಂಡಬೇಡಿ, ಎರಡು ಬಟ್ಟೆಯ ನಡುವೆ ಇಟ್ಟು ಒತ್ತಿ. ಮೊದಲು ನಡುವಿಗೊಂದು ಪಿನ್, ಆಮೇಲೆ ಎದುರುಬದುರು ಎಸಳುಗಳ ತುದಿಗೆ, ಕೊನೆಗೆ ಉಳಿದವಕ್ಕೆ. ಒಂದು ಕಡೆಯಿಂದ ಸಾಲಾಗಿ ಚುಚ್ಚುತ್ತಾ ಬಂದರೆ ಹೂವು ಒಂದೇ ಕಡೆ ವಾಲುತ್ತೆ. ಅಂಚಿನಲ್ಲಿ ಪಿಕೋ, ಅಂದರೆ ಮೂರು ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆಯುವ ಸರಪಳಿ ಹೊಲಿಗೆ) ಹಾಕಿ ಅಲ್ಲೇ ಕೂಡಿಸಿದ ಸಣ್ಣ ಮೊಗ್ಗು, ಇದ್ದರೆ ಪ್ರತಿಯೊಂದಕ್ಕೂ ಒಂದು ಪಿನ್ ಬೇಕು. ಬೇಸರದ ಕೆಲಸ ನಿಜ. ಆದರೆ ಪಿನ್ ತೆಗೆದಾಗ ಆ ಮೊಗ್ಗುಗಳು ಚೂಪಾಗಿ ಎದ್ದು ನಿಂತಿರುತ್ತವೆ, ಅಲ್ಲಿಯವರೆಗೆ ಬರೀ ನೂಲಿನ ತುಂಡಾಗಿದ್ದದ್ದು ಒಡವೆ ಆಗುವುದು ಆಗಲೇ. ತುಕ್ಕು ಹಿಡಿಯದ ಪಿನ್ ಬಳಸಿ, ಬಿಳಿ ನೂಲಿನ ಮೇಲಿನ ತುಕ್ಕಿನ ಕಲೆ ಹೋಗುವುದು ಬಹಳ ಕಷ್ಟ.

ಸರಕ್ಕೆ, ಕೈಪಟ್ಟಿಗೆ ಇದ್ಯಾವುದೂ ಬೇಡ. ಅವು ಮೈಗೆ ಒಗ್ಗಿಕೊಂಡು ಬಾಗಬೇಕು. ದೊಡ್ಡ ರಿಂಗ್ ಓಲೆ ಮಾಡುವವರಿಗೂ ಒಂದು ಮಾತು. ಲೋಹದ ಬಳೆಯಂಥ ರಿಂಗಿನ ಮೇಲೆಯೇ ಗಿಡ್ಡ ಹೊಲಿಗೆ ತುಂಬಿಸಿಕೊಂಡು ಒಳಗೆ ಜಾಲರಿ ಹಾಕಿದರೆ ಅಂಟೂ ಬೇಡ, ಗಂಜಿಯೂ ಬೇಡ. ಆಕಾರ ಹಿಡಿಯುವುದು ರಿಂಗ್.

ಪ್ರಶ್ನೆ: ಮಣಿ ಸೇರಿಸಿ ಹಾಕಿದರೆ ಎಲ್ಲ ಮಣಿಯೂ ಹಿಂಬದಿಗೆ ಹೋಗಿಬಿಡುತ್ತೆ. ಆಮೇಲೆ ಸೂಜಿಯಿಂದ ಹೊಲಿಯುವುದೇ ದಾರಿಯಾ?

ಉತ್ತರ: ಹೊಲಿಯಬೇಕಿಲ್ಲ. ಮಣಿ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣದ ಬದಿಗೇ ಕೂರುತ್ತೆ. ಹಾಗಾಗಿ ಮಣಿ ಹಾಕುವ ಸಾಲನ್ನು ತಿರುಗಿಸಿ, ಹಿಂಬದಿ ನಿಮ್ಮ ಕಡೆ ಬರುವ ಹಾಗೆ ಹಾಕಿ. ದುಂಡಗಿನ ಬಿಲ್ಲೆಯಾದರೆ ಮುಗಿದ ಮೇಲೆ ಅದನ್ನೇ ಮಗುಚಿ, ಹಿಂಬದಿಯನ್ನೇ ಮುಂದೆ ಮಾಡಿಕೊಂಡರೂ ಆಯ್ತು.

ಹಾಕಲು ಶುರು ಮಾಡುವ ಮೊದಲೇ ಮಣಿಗಳನ್ನೆಲ್ಲ ನೂಲಿಗೆ ಪೋಣಿಸಿಕೊಳ್ಳಬೇಕು. ಕೊನೆಗೆ ಪೋಣಿಸಿದ ಮಣಿ ಮೊದಲು ಬರುತ್ತೆ, ಆದ್ದರಿಂದ ಬಣ್ಣದ ಸಾಲು ಇದ್ದರೆ ತಲೆಕೆಳಗಾಗಿ ಪೋಣಿಸಿ. ಬೇಕಾದ್ದಕ್ಕಿಂತ ಹತ್ತು ಮಣಿ ಜಾಸ್ತಿ ಇರಲಿ. ಮಿಕ್ಕರೆ ತೆಗೆಯಬಹುದು, ಕಡಿಮೆ ಬಿದ್ದರೆ ನೂಲು ಕತ್ತರಿಸಬೇಕಾಗುತ್ತೆ. ಮಣಿಯಲ್ಲೂ ನಂಬರ್ ಜಾಸ್ತಿ ಆದಷ್ಟೂ ಗಾತ್ರ ಚಿಕ್ಕದು. 11ರದ್ದು ಸುಮಾರು 2 ಮಿ.ಮೀ., 8ರದ್ದು 3, 6ರದ್ದು 4. 10ನೇ ನಂಬರ್ ನೂಲಿಗೆ 6ರ ಮಣಿ ಸಲೀಸಾಗಿ ಹೋಗುತ್ತೆ, 8ರದ್ದು ತೂತು ನೋಡಿ ತಗೊಳ್ಳಿ. ನೂಲಿನ ತುದಿಗೆ ಸ್ವಲ್ಪ ನೇಲ್ ಪಾಲಿಷ್ ಹಚ್ಚಿ ಒಣಗಿಸಿ ಓರೆಯಾಗಿ ಕತ್ತರಿಸಿದರೆ ಸೂಜಿ ಇಲ್ಲದೆಯೂ ಪೋಣಿಸಬಹುದು. ತೂತಿನ ಅಂಚು ಚೂಪಾಗಿರುವ ಗಾಜಿನ ಮಣಿ ಮಾತ್ರ ಬಳಸಬೇಡಿ, ಹಾಕಿಕೊಂಡು ಓಡಾಡುವಾಗ ಅದು ಹತ್ತಿ ನೂಲನ್ನು ಕೊಯ್ಯುತ್ತಲೇ ಇರುತ್ತೆ.

ಪ್ರಶ್ನೆ: ನೋಡಿ ಹಾಕುವುದು ಬರುತ್ತೆ. ನನ್ನದೇ ಡಿಸೈನ್ ಮಾಡಬೇಕು ಅಂತ ಆಸೆ, ಆದರೆ ಚಿತ್ರ ಬಿಡಿಸಲು ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಚಿತ್ರ ಬಿಡಿಸುವುದು ಬೇಕಿಲ್ಲ. ಈ ಒಡವೆ ಮೈಮೇಲೆ ಎಲ್ಲಿ, ಹೇಗೆ ಕೂರುತ್ತೆ ಅನ್ನುವುದರಿಂದ ಶುರು ಮಾಡಿ. ತೂಗಬೇಕಾ, ಮಲಗಬೇಕಾ, ಸುತ್ತಿಕೊಳ್ಳಬೇಕಾ? ತೂಗುವ ಓಲೆಗೆ ಕೆಳಗೆ ಸ್ವಲ್ಪ ಭಾರ ಬೇಕು, ಇಲ್ಲದಿದ್ದರೆ ಗಾಳಿಗೆ ತಿರುಗುತ್ತಾ ಹಿಂಬದಿ ತೋರಿಸುತ್ತೆ. ಕತ್ತಿನ ಮೇಲೆ ಮಲಗುವ ಸರಕ್ಕೆ ಮೊದಲ ಚೈನಿನ ಸಾಲು ಸಡಿಲವಾಗಿರಬೇಕು, ಅದೊಂದನ್ನು ದೊಡ್ಡ ಕಡ್ಡಿಯಲ್ಲಿ ಹಾಕಿ. ಮಣಿಕಟ್ಟಿಗೆ ಸುತ್ತುವುದಕ್ಕೆ ಅಂಚು ನಯವಾಗಿರಬೇಕು, ಪಿಕೋ ಮೊಗ್ಗು ಇದ್ದರೆ ಬಟ್ಟೆಗೆಲ್ಲ ಸಿಕ್ಕಿಕೊಳ್ಳುತ್ತೆ. ನೂಲು, ಕಡ್ಡಿ, ಗಂಜಿ ಎಲ್ಲವೂ ಈ ಒಂದು ಪ್ರಶ್ನೆಯ ಹಿಂದೆಯೇ ಬರುತ್ತವೆ.

ಆಮೇಲೆ ಕಾಗದ ಕತ್ತರಿಸಿ. ಓಲೆಯ ಅಳತೆಯ ಕಾಗದದ ತುಂಡನ್ನು ಕಿವಿಗೆ ಟೇಪಿನಿಂದ ಅಂಟಿಸಿಕೊಂಡು ಕನ್ನಡಿ ನೋಡಿ, ತಲೆ ಆಡಿಸಿ. ಮೇಜಿನ ಮೇಲೆ ಚಿಕ್ಕದಾಗಿ ಕಂಡದ್ದು ಮುಖದ ಪಕ್ಕದಲ್ಲಿ ದೊಡ್ಡದಾಗಿ ಕಾಣುತ್ತೆ. ಅಳತೆ ಒಪ್ಪಿಗೆಯಾದ ಮೇಲೆ ಎಲ್ಲಿ ತುಂಬಿರಬೇಕು, ಎಲ್ಲಿ ಖಾಲಿ ಬಿಡಬೇಕು ಅಂತ ಅದರಲ್ಲೇ ತೂತು ಮಾಡಿ. ಹೊಸಬರು ಎಲ್ಲ ಕಡೆ ತುಂಬಲು ಹೋಗುತ್ತಾರೆ. ನನ್ನನ್ನು ಕೇಳಿದರೆ ನೂಲಿನ ಒಡವೆಯ ಅಂದ ಆ ಖಾಲಿ ಜಾಗದಲ್ಲೇ ಜಾಸ್ತಿ ಇದೆ. ಬಂಗಾರದ ಓಲೆಯ ನಕಲು ಮಾಡಬೇಡಿ. ಲೋಹಕ್ಕೆ ಆಗದ್ದು ನೂಲಿಗೆ ಆಗುತ್ತೆ, ಅಂಗೈ ಅಗಲದ ಓಲೆಯೂ ಕಿವಿಗೆ ಭಾರ ಅನ್ನಿಸುವುದಿಲ್ಲ.

ಹಳೆಯ ಕೆಲಸಗಳನ್ನೂ ನೋಡಿ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಬರಗಾಲ ಬಂದಾಗ ಎಷ್ಟೋ ಮನೆಗಳಿಗೆ ಕ್ರೋಶಾ ಲೇಸ್ ಸಂಪಾದನೆಯ ದಾರಿಯಾಯಿತು. ಅವರ ಪದ್ಧತಿ ಒಡವೆಗೆ ಹೇಳಿ ಮಾಡಿಸಿದಂತಿದೆ. ಹೂವು, ಎಲೆ, ಕಾಯಿ ಒಂದೊಂದನ್ನೂ ಬಿಡಿಯಾಗಿ ಮಾಡಿ, ಬಟ್ಟೆಯ ಮೇಲೆ ಜೋಡಿಸಿ, ಕೊನೆಗೆ ನಡುವೆ ಜಾಲರಿ ಹಾಕಿ ಕೂಡಿಸುವುದು. ಅಂದರೆ ಜೋಡಿಸಿ ನೋಡಿ ಇಷ್ಟವಾಗದಿದ್ದರೆ ಜಾಗ ಬದಲಾಯಿಸಬಹುದು, ಏನನ್ನೂ ಬಿಚ್ಚಬೇಕಿಲ್ಲ. ಎಸಳು ಉಬ್ಬಿ ನಿಲ್ಲಲು ಅವರು ನಾಲ್ಕೈದು ಎಳೆ ನೂಲನ್ನು ಒಟ್ಟಿಗೆ ಹಿಡಿದು ಅದರ ಮೇಲೆಯೇ ಹೊಲಿಗೆ ಹಾಕುತ್ತಿದ್ದರು. ಹಾಕಿದ ಮೇಲೆ ಒಳಗಿನ ಎಳೆಗಳನ್ನು ಮೆಲ್ಲಗೆ ಎಳೆದರೆ ಎಸಳು ಬಾಗುತ್ತೆ. ಇದನ್ನು ಒಮ್ಮೆ ಮಾಡಿ ನೋಡಿ, ಎಷ್ಟು ಡಿಸೈನ್ ಹೊಳೆಯುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಟರ್ಕಿಯ ಹೆಂಗಸರು ತಲೆವಸ್ತ್ರದ ಅಂಚಿಗೆ ಹಾಕುವ ಓಯಾ ಹೂಗಳೂ ಹೀಗೇ ಎದ್ದು ನಿಲ್ಲುತ್ತವೆ. ಸೂಜಿಯಲ್ಲೂ ಮಾಡುತ್ತಾರೆ, ಕ್ರೋಶಾ ಕಡ್ಡಿಯಲ್ಲೂ ಮಾಡುತ್ತಾರೆ.

ಪ್ರಶ್ನೆ: ನಾನು ಮಾಡಿದ ಓಲೆ ಹಾಕಿಕೊಂಡರೆ ಕಿವಿ ತುರಿಸುತ್ತೆ. ನೂಲಿನ ಬಣ್ಣದಿಂದ ಇರಬಹುದಾ?

ಉತ್ತರ: ತುರಿಕೆ ಚುಚ್ಚಿದ ತೂತಿನ ಸುತ್ತ ಇದ್ದರೆ ಹೆಚ್ಚಾಗಿ ಅದು ನೂಲಿನಿಂದಲ್ಲ, ಕೊಕ್ಕೆಯಲ್ಲಿರುವ ನಿಕಲ್‌ನಿಂದ. ಅಗ್ಗದ ಕೊಕ್ಕೆಗಳ ಮೇಲಿನ ಲೇಪ ಸವೆದಂತೆ ನಿಕಲ್ ಹೊರಗೆ ಬರುತ್ತೆ. ಟೈಟಾನಿಯಂ ಅಥವಾ ನಯೋಬಿಯಂ ಕೊಕ್ಕೆ ಹಾಕಿ ನೋಡಿ. ಸರ್ಜಿಕಲ್ ಸ್ಟೀಲ್ ಕೂಡ ಬಹಳ ಜನಕ್ಕೆ ಒಗ್ಗುತ್ತೆ, ಅದರಲ್ಲಿ ನಿಕಲ್ ಇದ್ದರೂ ಹೊರಗೆ ಬಿಡುವುದು ಕಡಿಮೆ. ಬೇರೆಯವರಿಗೆ ಮಾಡಿಕೊಡುವಾಗ ಕೊಕ್ಕೆ ಯಾವ ಲೋಹದ್ದು ಅಂತ ಹೇಳಿಯೇ ಕೊಡಿ. ಕಿವಿ ಹಣ್ಣಾಗಿದ್ದರೆ ಓಲೆ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮಾರಲು ಶುರು ಮಾಡಿದ್ದೇನೆ. ಬರೀ ದಾರ ತಾನೆ, ಇಷ್ಟೇಕೆ ಅಂತ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಕೈಯಿಂದ ಹಾಕುವ ಈ ಹೊಲಿಗೆಯನ್ನು ಕಾರ್ಖಾನೆಯ ಯಂತ್ರಗಳು ಹಾಕುವುದಿಲ್ಲ ಅಂತ ಹೇಳಿ. ಕ್ರೋಶೆ ಯಂತ್ರ ಅನ್ನುವ ಹೆಸರಲ್ಲಿ ಇರುವವು ಬೇರೆ ರೀತಿ ಹೆಣೆಯುವ ಯಂತ್ರಗಳು. ನಿಜವಾದ ಕ್ರೋಶಾ ಎಲ್ಲಿ ಕಂಡರೂ ಅದರ ಹಿಂದೆ ಒಬ್ಬರ ಕೈ ಇರುತ್ತೆ. ಅದಕ್ಕೇ ದರ ಇಡುವಾಗ ನೂಲಿನ ತೂಕ ನೋಡಬೇಡಿ, ಗಡಿಯಾರ ನೋಡಿ. ಪಿನ್ ಚುಚ್ಚಿದ್ದು, ತುದಿ ಮುಚ್ಚಿದ್ದು, ಕೊಕ್ಕೆ ಹಾಕಿದ್ದು ಎಲ್ಲವೂ ಆ ಹೊತ್ತಿಗೆ ಸೇರಬೇಕು. ಪ್ಯಾಟರ್ನ್ ಬೇರೆಯವರದ್ದಾದರೆ ಅದರಲ್ಲಿ ಮಾಡಿದ್ದನ್ನು ಮಾರಲು ಅವರ ಒಪ್ಪಿಗೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಇದನ್ನು ತೊಳೆಯಬಹುದಾ?

ಉತ್ತರ: ತೊಳೆಯಲೇಬೇಕು, ಬೆವರು ಹತ್ತಿಯಲ್ಲಿ ಉಳಿಯುತ್ತೆ. ಕೆಂಪು, ಕಡುನೀಲಿ ನೂಲಾದರೆ ಹಾಕುವ ಮೊದಲೇ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಟ್ಟರೆ ಬಿಳಿ ನೂಲಿನ ಜೊತೆ ಸೇರಿಸಬೇಡಿ. ತೊಳೆಯುವಾಗ ಕೊಕ್ಕೆ ಬಿಚ್ಚಿಡಿ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಉಜ್ಜದೆ ಅದುಮಿ ತೊಳೆದು ನೆರಳಲ್ಲಿ ಚಪ್ಪಟೆಯಾಗಿ ಒಣಗಿಸಿ. ಗಂಜಿ ಹಾಕಿದ್ದಾದರೆ ಮತ್ತೆ ಗಂಜಿ, ಮತ್ತೆ ಪಿನ್. ಬಿಳಿ ಅಂಟಿನದ್ದನ್ನು ನೆನೆಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಳೆದಾಗ ನೂಲಿನ ತುದಿ ಹೊರಗೆ ಬಂತು ಅಂತ ಮೂವರು ಬರೆದಿದ್ದಾರೆ. ಗಂಟು ಹಾಕಿ ಕತ್ತರಿಸಿದ್ದರೆ ಹಾಗಾಗುತ್ತೆ. ತುದಿಯನ್ನು ಸೂಜಿಗೆ ಪೋಣಿಸಿ ಹೊಲಿಗೆಗಳ ಒಳಗೆ ಒಂದು ಕಡೆಗೆ ತೂರಿಸಿ, ಒಂದು ಎಳೆ ಬಿಟ್ಟು ವಾಪಸ್ ತನ್ನಿ, ಮತ್ತೆ ಮೊದಲಿನ ಕಡೆಗೆ ಹೋಗಿ, ಆಮೇಲೆ ಕತ್ತರಿಸಿ.